ಬಿಳಿ ಇಲ್ಲದ ಪ್ರಿಂಟರ್

ಪ್ರಿಂಟರ್ ಎಂಬ ಯಂತ್ರದ ಮೇಲೆ ನನಗಿರುವ ಸಿಟ್ಟು ಇವತ್ತು ನಿನ್ನೆಯದಲ್ಲ. ಹೊಸನಗರದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು ನಾನು. ಪ್ರಶ್ನೆಪತ್ರಿಕೆಗಳನ್ನು ಮನೆಯಲ್ಲೇ ತೆಗೆದುಕೊಳ್ಳೋಣ ಎಂದು ಒಂದು ಪ್ರಿಂಟರ್ ತಂದಿಟ್ಟುಕೊಂಡ ದಿನದಿಂದ ನನ್ನ ನೆಮ್ಮದಿ ಹೋಯಿತು. ಕಪ್ಪು ಅಕ್ಷರದ ಒಂದು ಹಾಳೆ ಬೇಕೆಂದರೆ ಗುಲಾಬಿ ಇಂಕು ಮುಗಿದಿದೆ ಎಂದು ಮುಷ್ಕರ ಹೂಡುತ್ತದೆ. ನಾನು ಕೇಳಿದ್ದು ಕಪ್ಪು, ನಿನಗೆ ಗುಲಾಬಿಯ ಚಿಂತೆ ಯಾಕೆ ಎಂದು ಬೈದರೆ ಪ್ರಿಂಟರ್ ಕಂಪ್ಯೂಟರಿನ ಕಡೆ ತೋರಿಸುತ್ತದೆ, ಕಂಪ್ಯೂಟರ್ ಡ್ರೈವರ್ ಸರಿಯಿಲ್ಲ ಎನ್ನುತ್ತದೆ. ಈ ಡ್ರೈವರ್ ಎಂದರೆ ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ದಾಟಿಸುವ ಪ್ರೋಗ್ರಾಮಂತೆ. ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತು ಎನ್ನುವುದು ಇದಕ್ಕೇ ಇರಬೇಕು.

ಇನ್ನೊಂದು ಇದೆ, ಕ್ಯೂ. ನಾವು ಕೊಟ್ಟ ಕೆಲಸಗಳೆಲ್ಲ ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುವ ಜಾಗ. ಏನೂ ಬರುತ್ತಿಲ್ಲವಲ್ಲ ಎಂದು ಐದು ಸಲ ಒತ್ತಿ, ಬೇಸತ್ತು, ಅಡಿಗೆಮನೆಗೆ ಹೋಗಿ ಒಗ್ಗರಣೆ ಹಾಕುವಾಗ ಐದೂ ಒಟ್ಟಿಗೆ ಬರತೊಡಗುತ್ತವೆ. ಒಂಬತ್ತನೇ ತರಗತಿಯ ಪ್ರಶ್ನೆಪತ್ರಿಕೆ ಹಿಡಿದು ಓಡಾಡುವ ಗಡಿಬಿಡಿಯಲ್ಲಿ ಸಾಸಿವೆ ಸೀದು ಹೋಗುತ್ತದೆ.

ಆದರೆ ಇದೆಲ್ಲ ಸಣ್ಣ ಸಿಟ್ಟು. ದೊಡ್ಡದು ಬಂದದ್ದು ಅಕ್ಕನ ಮಗಳ ಮದುವೆಯಲ್ಲಿ, ಒಂದು ಬೆರಳಗಲದ ಗೆರೆಯಿಂದ. ಆ ಗೆರೆ ನನ್ನ ಸೋದರತ್ತೆಯದು.

ಅತ್ತೆ ಇರುವುದು ಸಾಗರದ ಹತ್ತಿರ, ಇಕ್ಕೇರಿ ಕಡೆಯ ಹಳ್ಳಿಯಲ್ಲಿ. ನಮ್ಮವರಲ್ಲಿ ಮದುವೆಯ ಗಂಡು ಹೆಣ್ಣು ಹಸೆಯ ಮೇಲೆ ಕೂತಾಗ ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಚಿತ್ತಾರ ಇರಬೇಕು. ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಗೆರೆ ಎಳೆಯುತ್ತಾರೆ. ಹದಿನಾಲ್ಕನೇ ವಯಸ್ಸಿಗೆ ಕುಂಚ ಹಿಡಿದ ಅತ್ತೆ ನಮ್ಮ ಕುಟುಂಬದ ಒಂದು ಮದುವೆಯನ್ನೂ ಬಿಟ್ಟವಳಲ್ಲ. ಅಕ್ಕನ ಮದುವೆಗೂ ಅವಳದೇ, ನನ್ನದಕ್ಕೂ ಅವಳದೇ. ಅಳತೆಪಟ್ಟಿಯಿಲ್ಲದೆ ಅವಳು ಎಳೆಯುತ್ತಿದ್ದ ಮೂರೆಳೆಯ ಗೆರೆಗಳ ನಡುವಿನ ಅಂತರವನ್ನು ನಾನು ಒಮ್ಮೆ ಸ್ಕೇಲ್ ಇಟ್ಟು ನೋಡಿದ್ದೆ. ಗಣಿತದವಳ ಕೆಟ್ಟ ಬುದ್ಧಿ. ಎಲ್ಲೂ ಒಂದು ಕೂದಲೆಳೆ ಹೆಚ್ಚುಕಡಿಮೆ ಇರಲಿಲ್ಲ.

ನಮ್ಮ ಮನೆತನದಲ್ಲಿ ಇನ್ನೊಂದು ಪದ್ಧತಿ ಇದೆ. ಬೇರೆಯವರಲ್ಲಿ ಇದೆಯೋ ಇಲ್ಲವೋ ನಾನರಿಯೆ. ಚಿತ್ತಾರದ ಸುತ್ತ ಬರುವ ಚೌಕಟ್ಟಿಗೆ ನಾವು ಕಟ್ಟು ಅನ್ನುತ್ತೇವೆ. ಅದರ ಹೊರಗೆರೆಯನ್ನು ಬಲಗಡೆ ಕೆಳಮೂಲೆಯಲ್ಲಿ ಒಂದು ಬೆರಳಗಲ ಕೂಡಿಸದೆ ಬಿಟ್ಟಿರುತ್ತಾರೆ. ಗಂಡು ಹೆಣ್ಣು ಬಂದು ಹಸೆಯಲ್ಲಿ ಕೂತ ಮೇಲೆ, ಚಿತ್ತಾರ ಬರೆದವಳು ಎಲ್ಲರ ಮುಂದೆ ಹೋಗಿ ಆ ಗೆರೆ ಕೂಡಿಸುತ್ತಾಳೆ. ಆಮೇಲೇ ಅಕ್ಷತೆ. ಅಷ್ಟು ಹೊತ್ತು ಪುರೋಹಿತರಿಂದ ಹಿಡಿದು ವಾಲಗದವರ ತನಕ ಎಲ್ಲರೂ ಆ ಹೆಂಗಸಿನ ಕೈ ನೋಡುತ್ತ ಸುಮ್ಮನಿರಬೇಕು. ಗಂಡ ಬೇಗ ತೀರಿಕೊಂಡ ಅತ್ತೆಯನ್ನು ಮದುವೆಮನೆಗಳಲ್ಲಿ ಹಲವು ಶಾಸ್ತ್ರಗಳಿಗೆ ಕರೆಯುತ್ತಿರಲಿಲ್ಲ. ಇದೊಂದಕ್ಕೆ ಮಾತ್ರ ಅವಳಿಲ್ಲದೆ ನಡೆಯುತ್ತಿರಲಿಲ್ಲ.

ಅಕ್ಕನ ಮಗಳ ಮದುವೆ ಗೊತ್ತಾದದ್ದು ತೀರ್ಥಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ. ಹೊಸದಾಗಿ ಬಣ್ಣ ಹೊಡೆದ ಗೋಡೆಗಳು. ಬಾಗಿಲಲ್ಲೇ ಬೋರ್ಡು: ಮೊಳೆ ಹೊಡೆಯಬಾರದು, ಅಂಟು ಹಚ್ಚಬಾರದು, ಒರಗಿ ನಿಲ್ಲಬಾರದು. ಗೋಡೆಗೆ ಕೆಮ್ಮಣ್ಣು ಬಳಿಯುತ್ತೇವೆ ಎಂದರೆ ಮ್ಯಾನೇಜರ್ ಮುಂಗಡವನ್ನೇ ವಾಪಸು ಕೊಟ್ಟು ಕಳಿಸುವ ಹಾಗಿದ್ದರು. ಅದೂ ಅಲ್ಲದೆ ಅತ್ತೆಗೆ ಎಪ್ಪತ್ತೆಂಟು. ಸ್ಟೂಲು ಹತ್ತಿ ಗೋಡೆಯಗಲ ಬರೆಯುವ ಕಾಲ ದಾಟಿತ್ತು. ಉಪಾಯ ತೆಗೆದವಳು ಮದುಮಗಳೇ.

"ಅಜ್ಜಿ ಒಂದು ರಟ್ಟಿನ ಮೇಲೆ ಸಣ್ಣಕ್ಕೆ ಬರೀಲಿ ಚಿಕ್ಕಿ. ಅದನ್ನ ಆರಡಿಗೆ ದೊಡ್ದು ಮಾಡಿ ಫ್ಲೆಕ್ಸ್ ಪ್ರಿಂಟ್ ಹಾಕ್ಸನ. ಸ್ಟ್ಯಾಂಡಿಗೆ ಕಟ್ಟಿದ್ರೆ ಗೋಡೆ ಮುಟ್ಟಾದೇ ಬೇಡ."

ಪ್ರಿಂಟರ್ ಇಟ್ಟುಕೊಂಡವಳು ನಾನೊಬ್ಬಳೇ ಆದ್ದರಿಂದ ಕೆಲಸ ನನ್ನ ತಲೆಗೆ ಬಂತು. ಅತ್ತೆಗೆ ಹೇಳಲು ನಾನೇ ಹೋದೆ. ಅವಳು ಅಡಿಕೆ ಕತ್ತರಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಪ್ಲಾಸ್ಟಿಕ್ಕಿನ ಮೇಲಾ?"

"ಹೌದತ್ತೆ."

"ಆಗ್ಲಿ. ನಂಗೂ ಇನ್ನು ಗೋಡೆ ಆಗದಲ್ಲ. ಇದೇ ನನ್ನ ಕಡೇ ಹಸೆ. ಆದ್ರೆ ಕಟ್ಟು ಕೂಡ್ಸಾದು ಮಾತ್ರ ನಾನೇ. ಅದಕ್ಕೆ ಜಾಗ ಬಿಟ್ಟಿರ್ತೀನಿ, ನೋಡ್ಕ."

ನೋಡಿಕೊಳ್ಳುತ್ತೇನೆ ಎಂದೆ. ಎಷ್ಟು ಸುಲಭವಾಗಿ ಅಂದೆ ಎಂಬುದು ಈಗಲೂ ನೆನಪಿದೆ.

ಒಂದೂವರೆ ಅಡಿ ಚೌಕದ ದಪ್ಪ ರಟ್ಟಿಗೆ ಕೆಮ್ಮಣ್ಣು ಬಳಿದು, ತೊಡೆಯ ಮೇಲಿಟ್ಟುಕೊಂಡು, ಹದಿನೈದು ದಿನ ಕೂತು ಅತ್ತೆ ಬರೆದಳು. ಮದುಮಗಳು ಅದರ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸಿ, ಇದನ್ನೇ ಕೊಟ್ಟುಬಿಡಿ ಅಂದಳು. ನನ್ನ ಪ್ರಿಂಟರಿನಲ್ಲಿ ಮೊದಲು ನೋಡೋಣ ಎಂದು ಹಾಕಿದೆ. ಹಾಳೆ ಉದ್ದುದ್ದ ಇದ್ದರೆ ಪೋರ್ಟ್ರೇಟ್, ಅಡ್ಡಡ್ಡ ಇದ್ದರೆ ಲ್ಯಾಂಡ್‌ಸ್ಕೇಪ್. ಚೌಕಕ್ಕೆ ಯಾವುದು ಎಂದು ಕೇಳಿದರೆ ಅದಕ್ಕೆ ಉತ್ತರವಿಲ್ಲ. ಫಿಟ್ ಟು ಪೇಜ್ ಎಂದು ಒತ್ತಿದರೆ ಇಡೀ ಚಿತ್ತಾರ ಒಬ್ಬಟ್ಟಿನಷ್ಟಾಗಿ ಹಾಳೆಯ ನಡುವೆ ಕೂತಿತು. ಆಕ್ಚುವಲ್ ಸೈಜ್ ಎಂದರೆ ನಡುವಿನ ಎರಡು ಗೊಂಬೆ ಮಾತ್ರ ಬಂದು ಸುತ್ತಲಿನ ಕಟ್ಟು ಹಾಳೆಯಿಂದ ಹೊರಗೆ ಹೋಯಿತು. ಕೊನೆಗೆ ಹಾಳೆಯ ಅಗಲಕ್ಕೆ ಸರಿಯಾಗಿ ಕೂರಿಸಿದೆ ಅಂದುಕೊಂಡರೆ ಹೊರಗೆರೆ ಎಡಬಲ ಎರಡೂ ಕಡೆ ಮಾಯ. ಪ್ರತಿ ಪ್ರಿಂಟರಿಗೂ ತಾನು ಇಂಕು ಮುಟ್ಟಿಸಲಾರದ ಅಂಚು ಇರುತ್ತದಂತೆ, ಅದು ಮಾರ್ಜಿನ್. ನಾನು ಮಕ್ಕಳಿಗೆ ಮಾರ್ಜಿನ್ ಬಿಡಿ ಎಂದು ಇಪ್ಪತ್ತೈದು ವರ್ಷ ಹೇಳಿದವಳು. ಒಂದು ಡಬ್ಬಿ ನನಗೆ ಅದನ್ನು ತಿರುಗಿಸಿ ಹೇಳಿತು.

ಆಮೇಲೆ ಲೆಕ್ಕ ಹಾಕಿದೆ. ಮೊಬೈಲಿನಲ್ಲಿ ಬಂದ ಫೋಟೋದ ಅಡ್ಡಸಾಲಿನಲ್ಲಿ ಇದ್ದದ್ದು ಸಾವಿರದ ಇನ್ನೂರು ಚುಕ್ಕಿ. ಪಿಕ್ಸೆಲ್ ಎಂದರೆ ಅದೇ. ಆರಡಿ ಎಂದರೆ ಎಪ್ಪತ್ತೆರಡು ಇಂಚು. ಭಾಗಿಸಿದರೆ ಇಂಚಿಗೆ ಹದಿನಾರು ಚುಕ್ಕಿಯೂ ಹದಿನೇಳೂ ಅಲ್ಲದ ಒಂದು ಸಂಖ್ಯೆ. ಅಂಗಳದ ರಂಗೋಲಿಯೇ ಅದಕ್ಕಿಂತ ಒತ್ತಾಗಿರುತ್ತದೆ. ಡಿಪಿಐ, ಡಿಪಿಐ ಎಂದು ಎಲ್ಲರೂ ಬಡಿದುಕೊಳ್ಳುವುದು ಇದನ್ನೇ, ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ. ಚುಕ್ಕಿ ಕಡಿಮೆಯಾದರೆ ಗೆರೆ ಗೆರೆಯಾಗಿ ಉಳಿಯುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗುತ್ತದೆ. ನಮ್ಮ ಹುಡುಗಿಗೆ ಇದನ್ನು ವಿವರಿಸಿದರೆ, "ಫೋನಲ್ಲಿ ಚೆನ್ನಾಗೇ ಕಾಣ್ತದಲ ಚಿಕ್ಕಿ" ಎಂದಳು.

ಹಾಗಾದರೆ ರಟ್ಟನ್ನೇ ಸ್ಕ್ಯಾನ್ ಮಾಡಿಸಬೇಕು. ಸಾಗರದ ಪೇಟೆಯಲ್ಲಿ ಒಂದು ಜೆರಾಕ್ಸ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದ ಹೆಂಗಸು ರಟ್ಟನ್ನು ಮಗ್ಗುಲು ತಿರುಗಿಸಿ ನೋಡಿ, ಸ್ಕ್ಯಾನರಿನ ಗಾಜು ಹಾಳೆಯಷ್ಟೇ ಅಗಲ, ಇದನ್ನು ಆರು ತುಂಡಾಗಿ ತೆಗೆದು ಆಮೇಲೆ ಜೋಡಿಸಬೇಕು ಎಂದಳು. ಮೊದಲ ತುಂಡು ತೆಗೆಯಲು ರಟ್ಟನ್ನು ಗಾಜಿನ ಮೇಲೆ ಒತ್ತಿದಾಗ ಒಂದು ಚಿಟಿಕೆ ಕೆಮ್ಮಣ್ಣು ಉದುರಿತು. ಅವಳ ಮುಖವೂ ಸಿಂಡರಿಸಿತು, ನನ್ನದೂ. ರಟ್ಟನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ.

ಕೊನೆಗೆ ದಿಕ್ಕಾದದ್ದು ತೀರ್ಥಹಳ್ಳಿಯ ಫ್ಲೆಕ್ಸ್ ಅಂಗಡಿ. ಮಾಲೀಕರು ಐವತ್ತರ ಸುಮಾರಿನ, ಹಣೆಗೆ ಗಂಧವಿಟ್ಟ ಸಮಾಧಾನದ ಮನುಷ್ಯ. ರಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಿಸಿಲು ನೇರ ಬೀಳದ ಕಡೆ ನಿಲ್ಲಿಸಿ, ದೊಡ್ಡ ಕ್ಯಾಮರಾದಲ್ಲಿ ಫೋಟೋ ತೆಗೆದರು. ಚುಕ್ಕಿ ಸಾಕಾಗುತ್ತದೆ ಎಂದರು. ನನಗೆ ಮೊದಲ ಬಾರಿಗೆ ಉಸಿರು ಬಂತು. ಆದರೆ ಪರದೆಯಲ್ಲಿ ಕಂಡ ಕೆಮ್ಮಣ್ಣು ಸ್ಯಾಂಪಲ್ ತುಂಡಿನಲ್ಲಿ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

"ಸ್ಕ್ರೀನು ಬೆಳಕಲ್ಲಿ ಬಣ್ಣ ಮಾಡ್ತದೆ ಟೀಚರ್. ಅದು ಆರ್‌ಜಿಬಿ. ಮಿಷಿನ್ ಇಂಕಲ್ಲಿ ಮಾಡಬೇಕು, ನೀಲಿ, ಗುಲಾಬಿ, ಹಳದಿ, ಕಪ್ಪು, ನಾಕೇ. ಅದಕ್ಕೆ ಸಿಎಂವೈಕೆ ಅಂತಾರೆ. ಸ್ವಲ್ಪ ಆಚೆ ಈಚೆ ಆಗ್ತದೆ."

ಅತ್ತೆಯದೂ ನಾಲ್ಕೇ ಬಣ್ಣ. ಕೆಮ್ಮಣ್ಣು, ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಈ ಹೋಲಿಕೆ ಹೊಳೆದು ಖುಷಿಯಾಗಿ, "ನಿಮ್ಮ ಮಿಷಿನಲ್ಲಿ ಬಿಳಿ ಎಲ್ಲಿ?" ಎಂದು ಕೇಳಿದೆ.

"ಬಿಳಿ ಇಲ್ಲ. ಬಿಳಿ ಬೇಕಾದ ಕಡೆ ಮಿಷಿನ್ ಏನೂ ಹಾಕದಿಲ್ಲ, ಫ್ಲೆಕ್ಸಿನ ಬಿಳಿನೇ ಕಾಣ್ತದೆ."

ಇದು ನನಗೆ ಐವತ್ತೆರಡನೇ ವಯಸ್ಸಿಗೆ ಗೊತ್ತಾದ ವಿಷಯ. ಅತ್ತೆ ಹದಿನೈದು ದಿನ ಕೂತು ಎಳೆದ ಗೆರೆಗಳೇ ಈ ಯಂತ್ರದ ಪಾಲಿಗೆ ಏನೂ ಮಾಡದೆ ಬಿಟ್ಟ ಜಾಗ. ನನಗೆ ಯಾಕೋ ಸಿಟ್ಟೇ ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಅಂಗಡಿಯ ಫ್ಯಾನಿನ ಮೇಲೆ ರೇಗಿ, ರಟ್ಟನ್ನು ಜೋಪಾನ ಮಾಡಿ ಎಂದು ಹೇಳಿ ಬಂದೆ. ಒಂದು ಮಾತು ಹೇಳಲು ಮರೆತಿದ್ದೆ. ಬಲಗಡೆ ಕೆಳಮೂಲೆಯ ಖಾಲಿ ಜಾಗ ಬೇಕೆಂದೇ ಬಿಟ್ಟದ್ದು ಎಂಬ ಮಾತು.

ಎರಡು ದಿನ ಬಿಟ್ಟು, ನಾನು ಎಂಟನೇ ತರಗತಿಯಲ್ಲಿ ತ್ರಿಭುಜ ಕಲಿಸುತ್ತಿದ್ದಾಗ ಫ್ಲೆಕ್ಸ್ ಅಂಗಡಿಯವರ ಫೋನು ಬಂತು.

"ಟೀಚರ್, ದೊಡ್ಡದು ಮಾಡಿದಾಗ ಗೆರೆ ಎಲ್ಲ ನಡುಗಿದ ಹಾಗೆ ಕಾಣ್ತದೆ. ರಟ್ಟಲ್ಲಿ ಕಾಣದಿಲ್ಲ, ನಾಕು ಪಟ್ಟು ಆದಾಗ ಕಾಣ್ತದೆ. ಟ್ರೇಸ್ ಮಾಡಿ ನೇರ ಮಾಡ್ಲಾ?"

ಟ್ರೇಸ್ ಎಂದರೆ ಫೋಟೋದ ಗೆರೆಯ ಮೇಲೆ ಕಂಪ್ಯೂಟರಿನಲ್ಲಿ ಹೊಸ ಗೆರೆ ಕೂರಿಸುವುದು. ಕೂದಲೆಳೆ ಹೆಚ್ಚುಕಡಿಮೆಯಿಲ್ಲದ ಆ ಕೈ ನಡುಗುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಗಂಡಿನ ಕಡೆಯ ಮುನ್ನೂರು ಜನರ ಮುಂದೆ ಆರಡಿಯ ನಡುಕ ತೂಗುಹಾಕಿದರೆ ಅತ್ತೆಗೆ ಹೇಗಾದೀತು ಎಂದುಕೊಂಡೆ. ಅಥವಾ ಹಾಗೆ ಅಂದುಕೊಂಡೆ ಎಂದು ನನಗೆ ನಾನೇ ಹೇಳಿಕೊಂಡೆ.

"ಮಾಡಿ" ಎಂದೆ.

ಸಂಜೆ ಅವರು ಪ್ರೂಫ್ ಕಳಿಸಿದರು. ಪ್ರೂಫ್ ಎಂದರೆ ಪ್ರಿಂಟಿಗೆ ಹೋಗುವ ಮೊದಲು ನಾವು ನೋಡಿ ಒಪ್ಪಬೇಕಾದ ಮಾದರಿ. ಆರಡಿಯದ್ದು ಮೂರು ಇಂಚಿನ ಫೋನಿನಲ್ಲಿ. ಬಸ್ಸಿನಲ್ಲಿ ನಿಂತುಕೊಂಡೇ ನೋಡಿ, ಚೆನ್ನಾಗಿದೆ, ಓಕೆ ಎಂದು ಬರೆದೆ. ನಮ್ಮ ಹುಡುಗಿಗೆ ಫೋನಿನಲ್ಲಿ ಚೆನ್ನಾಗಿ ಕಂಡದ್ದಕ್ಕೆ ಪಾಠ ಮಾಡಿದವಳು ನಾನೇ.

ಮದುವೆಯ ಬೆಳಿಗ್ಗೆ ಮಂಟಪಕ್ಕೆ ಹೋದಾಗ ಫ್ಲೆಕ್ಸ್ ಕಬ್ಬಿಣದ ಸ್ಟ್ಯಾಂಡಿನಲ್ಲಿ ಬಿಗಿಯಾಗಿ ನಿಂತಿತ್ತು. ದೂರದಿಂದ ಭರ್ಜರಿ. ಗೆರೆಗಳೆಲ್ಲ ಹೈಸ್ಕೂಲಿನ ಗ್ರಾಫ್ ಪುಸ್ತಕದ ಹಾಗೆ. ಹತ್ತಿರ ಹೋಗಿ ಬಲಗಡೆ ಕೆಳಮೂಲೆ ನೋಡಿದೆ. ಕಟ್ಟು ಕೂಡಿತ್ತು. ಒಂದು ಬೆರಳಗಲದ ಖಾಲಿ ಎಲ್ಲೂ ಇರಲಿಲ್ಲ.

ಅಂಗಡಿಯವರು ಸ್ಟ್ಯಾಂಡಿನ ಹಗ್ಗ ಸರಿಮಾಡುತ್ತ ಅಲ್ಲೇ ಇದ್ದರು. ಕೇಳಿದೆ.

"ಅದಾ? ಅಲ್ಲೊಂದು ಕಡೆ ಗೆರೆ ತುಂಡಾಗಿತ್ತು ಟೀಚರ್. ಮದುವೆ ಕೆಲಸ, ಅರ್ಧ ಬಿಟ್ಟ ಗೆರೆ ಅಪಶಕುನ ಅಂತ ನಾನೇ ಕೂಡಿಸಿದೆ. ವಯಸ್ಸಾದವರು, ಮರ್ತಿರ್ತಾರೆ."

ಬೈಯೋಣ ಎಂದು ಬಾಯಿ ತೆರೆದರೆ ಬೈಯಲು ಜಾಗವಿಲ್ಲ. ಆ ಮನುಷ್ಯ ಮಾಡಿದ್ದೆಲ್ಲ ಭಕ್ತಿಯಿಂದ. ನನಗೆ ತಲೆ ಕೆಟ್ಟು ಕೆರ ಹಿಡಿದಂತಾಗಿ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅಷ್ಟರಲ್ಲಿ ಅತ್ತೆ ಬಂದಳು. ಕಂದು ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಅಕ್ಕಿಹಿಟ್ಟು ಕಲಸಿದ ಗೆರಟೆ, ಪುಂಡಿ ನಾರಿನ ಕುಂಚ. ಅವಳು ಫ್ಲೆಕ್ಸಿನ ಮುಂದೆ ನಿಂತು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಇದು ಯಾರು ಬರೆದದ್ದು?"

"ನಿಂದೇ ಅತ್ತೆ. ದೊಡ್ದು ಮಾಡಿದ್ದು."

ಅವಳು ಬಗ್ಗಿ ಮೂಲೆಗೆ ಬೆರಳಿಟ್ಟಳು. ನಾನು ಅಂಗಡಿಯವರು ಹೀಗೆ ಮಾಡಿಬಿಟ್ಟರು ಎಂದೆ. ಆ ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅತ್ತೆ ಕುಂಚ ಅದ್ದಿ, ಕೂಡಿದ ಗೆರೆಯ ಮೇಲೆಯೇ ಒಂದು ಸಲ ಎಳೆದು ನೋಡಿದಳು. ಬಿಳಿ ಹಿಟ್ಟು ಪ್ಲಾಸ್ಟಿಕ್ಕಿಗೆ ಹಿಡಿಯದೆ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಯಾಗಿ ಜಾರಿತು. ಅವಳು ಕುಂಚವನ್ನು ಒರೆಸಿ ಚೀಲಕ್ಕೆ ಹಾಕಿದಳು.

"ಮುಗ್ದದೆಯಲ. ಹಂಗಾರೆ ನಾನು ಹಿಂದೆ ಕೂರ್ತೀನಿ" ಎಂದು ಕೊನೆಯ ಸಾಲಿನ ಕುರ್ಚಿಗಳ ಕಡೆ ಹೊರಟಳು.

ನನಗೆ ಅಳು ಬರಬೇಕಿತ್ತು, ಬಂದದ್ದು ಕೋಪ. ಪ್ರಿಂಟರಿನ ಮೇಲೆ, ಮಂಟಪದ ಬೋರ್ಡಿನ ಮೇಲೆ, ನನ್ನ ಓಕೆಯ ಮೇಲೆ. "ಅತ್ತೆ, ನಿಲ್ಲು" ಎಂದೆ. ಗೋಡೆಗಾದರೂ ಬರೆಯುವ ಮೊದಲು ಕೆಮ್ಮಣ್ಣು ಬಳಿಯುವುದಿಲ್ಲವೇ? ಆ ಮೂಲೆಗೆ ಮಣ್ಣು ಬಳಿದರೆ ಕೂಡಿದ ಗೆರೆ ಮುಚ್ಚುತ್ತದೆ, ಅದರ ಮೇಲೆ ಹಿಟ್ಟೂ ಹಿಡಿಯುತ್ತದೆ ಎಂದೆ. ಅತ್ತೆ ತಿರುಗಿ ಬಂದಳು.

"ಬರೀ ಮಣ್ಣು ನಿಲ್ಲದಿಲ್ಲ. ಗಂಜಿ ಹಾಕಿ ಕಲಸ್ಬೇಕು. ಹೋಗು, ತಾ."

ಮಂಟಪದ ಅಂಗಳಕ್ಕೆಲ್ಲ ಸಿಮೆಂಟಿನ ಇಟ್ಟಿಗೆ ಹಾಸಿದ್ದರು. ಹಿಂದೆ ಕಾರು ನಿಲ್ಲಿಸುವ ಜಾಗದಲ್ಲಿ ಗುಡ್ಡ ಕಡಿದ ಕೆಮ್ಮಣ್ಣಿನ ಧರೆ ಇತ್ತು. ರೇಷ್ಮೆ ಸೀರೆಯನ್ನು ಮೊಣಕಾಲ ತನಕ ಎತ್ತಿಕಟ್ಟಿ, ಪಾಯಸದ ಸೌಟಿನಿಂದ ನಾನು ಧರೆ ಕೆರೆದೆ. ಗಂಡಿನ ಕಡೆಯ ಹಿರಿಯರೊಬ್ಬರು ಕಾರಿನಿಂದ ಇಳಿದು, ನೋಡಿ, ಬಿರಬಿರನೆ ಒಳಗೆ ಹೋದರು. ಅಡಿಗೆಯವರಿಂದ ಗಂಜಿ ಕೇಳಿದರೆ, ಯಾರಿಗೆ ಹುಷಾರಿಲ್ಲ ಎಂದು ಅವರು ಗಾಬರಿಯಾದರು. ಅತ್ತೆ ವೇದಿಕೆಯ ಮೇಲೆ ಮಣೆ ಹಾಕಿಕೊಂಡು ಕೂತು, ಮಣ್ಣಿನ ಕಲ್ಲು ಆರಿಸಿ, ಗಂಜಿಯಲ್ಲಿ ಕಲಸಿ, ಅಂಗೈಯಗಲ ಜಾಗಕ್ಕೆ ಬಳಿದಳು. ಮ್ಯಾನೇಜರ್ ಓಡಿ ಬಂದರು. ಗೋಡೆ ಮುಟ್ಟಿಲ್ಲ, ನೋಡಿಕೊಳ್ಳಿ ಎಂದು ನಾನು ಅಂದ ದನಿಗೆ ಅವರು ಅಲ್ಲೇ ನಿಂತರು. ಫ್ಯಾನಿನ ಗಾಳಿಗೆ ಮಣ್ಣು ಒಣಗಿತು. ಅಂಚಿನಲ್ಲಿ ಸ್ವಲ್ಪ ಬಿರಿಯಿತು, ಆದರೆ ನಿಂತಿತು.

ಮುಹೂರ್ತದ ಹೊತ್ತಿಗೆ ಗಂಡು ಹೆಣ್ಣು ಹಸೆಯಲ್ಲಿ ಕೂತರು. ವಾಲಗ ನಿಂತಿತು. ಅತ್ತೆ ಬಗ್ಗಿ ಆ ಮಣ್ಣಿನ ಮೇಲೆ ಕಟ್ಟು ಕೂಡಿಸಿದಳು. ಕೈ ನಡುಗಿತು, ಗೆರೆ ಎರಡು ಕಡೆ ಬಳುಕಿತು, ಪಕ್ಕದ ನೇರ ಗೆರೆಯ ತುದಿಗೆ ಹೋಗಿ ಸೇರಿತು. ಅದಾದ ಮೇಲೇ ಅಕ್ಷತೆ ಬಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ತಿಂಗಳ ಮೇಲೆ ಆಲ್ಬಮ್ ಬಂತು. ಆ ಮೂಲೆಯಲ್ಲಿ ಮಣ್ಣೂ ಇಲ್ಲ, ಅತ್ತೆಯ ಗೆರೆಯೂ ಇಲ್ಲ. ನುಣ್ಣಗಿನ ಕೆಂಪು, ನೇರವಾದ ಬಿಳಿ. ಫೋನು ಮಾಡಿದರೆ ಫೋಟೋಗ್ರಾಫರ್, "ಕೊಳೆ ಕೂತಿತ್ತು ಮೇಡಂ, ರಿಟಚ್ ಮಾಡಿ ತೆಗ್ದಿದೀನಿ" ಎಂದ. ಹೆಮ್ಮೆಯಿಂದಲೇ ಹೇಳಿದ. ಗಣಪತಿ ಮಾಡು ಎಂದರೆ ಅವರಪ್ಪನನ್ನು ಮಾಡುವ ಜನ. ಶನಿವಾರ ಶಾಲೆ ಬಿಟ್ಟವಳು ನೇರ ತೀರ್ಥಹಳ್ಳಿಯ ಬಸ್ ಹತ್ತಿ, ಅವನ ಕಂಪ್ಯೂಟರಿನ ಪಕ್ಕದಲ್ಲೇ ನಿಂತು, ಮೊದಲು ತೆಗೆದ ಫೋಟೋವನ್ನು ಹಾಗೆಯೇ ಪ್ರಿಂಟ್ ಹಾಕಿಸಿದೆ. ಮೂಲೆ ಮಾತ್ರ, ದೊಡ್ಡದಾಗಿ. ಏನೂ ತೆಗೆಯಬೇಡ, ಏನೂ ಸೇರಿಸಬೇಡ ಎಂದು ಮೂರು ಸಲ ಹೇಳಿದೆ.

ಭಾನುವಾರ ಅತ್ತೆಯ ಮನೆಗೆ ಹೋಗಿ ಫೋಟೋ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಬೆರಳಿನಿಂದ ಆ ಗೆರೆಯನ್ನು ಒಮ್ಮೆ ಸವರಿದಳು.

"ನಡುಗ್ಯದೆ" ಎಂದಳು. ಕನ್ನಡಕ ತೆಗೆಯುತ್ತ ಕೇಳಿದಳು, "ಉಳಿದದ್ನೆಲ್ಲ ನೇರ ಮಾಡಿ ಅಂದದ್ದು ಯಾರು?"

ಅಂಗಡಿಯವರು ಎನ್ನಲು ಈ ಸಲ ನಾಲಿಗೆ ಏಳಲಿಲ್ಲ. "ನಾನೇ ಅತ್ತೆ."

"ಗೊತ್ತಿತ್ತು. ನನ್ನ ಕೈ ನಡುಗಿದ್ರೆ ಅಂಗಡಿಯವನಿಗೆ ಎಂತ ನಾಚ್ಕೆ? ನಾಚ್ಕೆ ಆಗಾದು ಮನೆಯವ್ರಿಗೇ ಅಲ್ವಾ ಮಗಾ" ಎಂದು, ಫೋಟೋವನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, ನನಗೆ ಚಾ ಇಡಲು ಒಳಗೆ ಹೋದಳು.